ಹೊದಿಕೆ ಬೆಳೆ ಮತ್ತು ರೈತರ ಮನೋಭಾವ: ಕೊಪ್ಪಳದ ತೋಟಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಕೃಷಿ ವಿಸ್ತರಣೆ, ಅಂದರೆ ಕೃಷಿಯ ತಿಳಿವನ್ನು ರೈತರಿಗೆ ಮುಟ್ಟಿಸುವ ವಿದ್ಯೆ, ಓದುವ ನಾವು ಪ್ರಶ್ನಾವಳಿ ಹಿಡಿದು ಹೋದಾಗ ಮೊದಲು ಕೇಳುವುದೇ ‘ಹೊದಿಕೆ ಬೆಳೆ ಒಳ್ಳೆಯದಾ?’ ಎಂದು. ಗಿಡಗಳ ಸಾಲಿನ ನಡುವಿನ ನೆಲ ಮುಚ್ಚಲೆಂದು ಬೆಳೆಸುವ ಹುರುಳಿಯಂಥ ಬೆಳೆಯೇ ಹೊದಿಕೆ ಬೆಳೆ. ಕುಷ್ಟಗಿ, ಯಲಬುರ್ಗಾ ಕಡೆ ಇದಕ್ಕೆ ಇಲ್ಲ ಅನ್ನುವವರು ಕಡಿಮೆ. ‘ಚಲೋನ ಐತ್ರಿ’ ಅನ್ನುತ್ತಾರೆ. ತೋಟ ಮಾತ್ರ ಕುಂಟೆ ಹೊಡೆದು ಬೋಳಾಗಿಯೇ ಇರುತ್ತದೆ. ಹೀಗೇಕೆ ಎಂಬುದೇ ಈ ಟಿಪ್ಪಣಿಯ ಜೀವಾಳ.

ಮನೋವಿಜ್ಞಾನಿ ಐಸೆಕ್ ಐಜೆನ್ 1991ರಲ್ಲಿ ವಿವರವಾಗಿ ಬರೆದ ಯೋಜಿತ ವರ್ತನೆಯ ಸಿದ್ಧಾಂತ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಕೆಲಸ ಮಾಡುವ ಉದ್ದೇಶ ಮೂರರಿಂದ ಹುಟ್ಟುತ್ತದೆ: ಆ ಕೆಲಸದ ಬಗ್ಗೆ ನಮ್ಮ ಮನೋಭಾವ, ಸುತ್ತಲಿನವರು ಏನನ್ನುತ್ತಾರೆ ಎಂಬ ಅಳುಕು, ಅದು ನಮ್ಮ ಕೈಯಲ್ಲಾಗುತ್ತದೆ ಎಂಬ ನಂಬಿಕೆ. ನಮ್ಮ ಪ್ರಶ್ನಾವಳಿಗಳು ಬಹುತೇಕ ಮೊದಲನೆಯದನ್ನಷ್ಟೇ ಅಳೆದು ಸುಮ್ಮನಾಗುತ್ತವೆ.

ಎರಡನೆಯದು ನಮ್ಮ ಭಾಗದಲ್ಲಿ ಬಲು ಗಟ್ಟಿ. ಸಾಲಿನ ನಡುವೆ ಹಸಿರು ಕಂಡರೆ ‘ತೋಟದಾಗ ಹುಲ್ಲು ಬಿಟ್ಟಾನ’ ಎಂದು ಮಂದಿ ಆಡಿಕೊಳ್ಳುತ್ತಾರೆ. ಸ್ವಚ್ಛ ಹೊಲವೇ ದುಡಿಮೆಯ ಗುರುತು. ಹಾವಿನ ಭಯವೂ ಸುಳ್ಳಲ್ಲ, ಹನಿ ನೀರಾವರಿಯ ಪೈಪು ನೋಡಲು ಬೆಳಗಿನ ಜಾವ ಹೋಗುವವರಿಗೆ ಅದು ದಿನದ ಮಾತು.

ಮೂರನೆಯದು, ಅಂದರೆ ಕೈಯಲ್ಲಾಗುತ್ತದೆ ಎಂಬ ನಂಬಿಕೆ, ಇಲ್ಲಿ ನೀರಿನ ಮೇಲೆ ನಿಂತಿದೆ. ಜಿಲ್ಲೆಯ ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸು. ಬೋರಿನ ನೀರು ಗಿಡಕ್ಕೇ ಸಾಲದಿರುವಾಗ ಇನ್ನೊಂದು ಬೆಳೆ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹೊದಿಕೆ ಬೆಳೆಯೂ ನೀರು ಕುಡಿಯುತ್ತದೆ; ಇದನ್ನು ಮುಚ್ಚಿಟ್ಟು ಮಾತಾಡಿದರೆ ನಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮಾತ್ರ ಬೆಳೆದು, ಮಾವಿಗೆ ಹೂ ಮುಂಚಿನ ಒಣ ಅವಧಿ ಬರುವುದರೊಳಗೆ ಕೊಯ್ದು ನೆಲಕ್ಕೆ ಹಾಸಬೇಕು. ಆಗಸ್ಟ್ ಕೊನೆಯಲ್ಲಿ ಮಸಾರಿ (ಕೆಂಪು ಮಣ್ಣಿನ) ನೆಲದ ಹುರುಳಿ ಬಳ್ಳಿಯನ್ನು ಎತ್ತಿ ನೋಡಿ: ಕೆಳಗಿನ ಮಣ್ಣು ಬೆರಳಿಗೆ ಮೆತ್ತಗೆ ಸಿಗುತ್ತದೆ. ಪಕ್ಕದ ಬೋಳು ನೆಲ ಮಳೆ ಹನಿ ಬಡಿದು ಹೆಪ್ಪುಗಟ್ಟಿರುತ್ತದೆ, ಮುಂದಿನ ಮಳೆಯ ನೀರು ಅದರ ಮೇಲೆ ಹರಿದೇ ಹೋಗುತ್ತದೆ.

ದಾಳಿಂಬೆಯ ವಿಷಯ ಬೇರೆ. ದುಂಡಾಣು ಅಂಗಮಾರಿ ರೋಗ ಮಳೆ ಹನಿಯ ಸಿಡಿತದಿಂದ ಹರಡುತ್ತದೆ, ಉದುರಿದ ಸೋಂಕಿನ ಎಲೆಯಲ್ಲಿ ಉಳಿದುಕೊಳ್ಳುತ್ತದೆ. ಎಲೆ ಆರಿಸಿ ಸುಟ್ಟು ನೆಲ ಸ್ವಚ್ಛ ಇಡಿ ಎಂದು ಹೇಳಿದವರು ವಿಜ್ಞಾನಿಗಳೇ. ಅದನ್ನು ಪಾಲಿಸುತ್ತ ಬಂದ ರೈತ ಹೊದಿಕೆ ಬೆಳೆಗೆ ಹಿಂಜರಿದರೆ ಅದನ್ನು ‘ಅರಿವಿನ ಕೊರತೆ’ ಎಂಬ ಖಾನೆಗೆ ಹಾಕುವುದು ದೊಡ್ಡ ತಪ್ಪು. ಮಾವು, ದಾಳಿಂಬೆ ಬೆಳೆಗಾರರ ಉತ್ತರಗಳನ್ನು ಒಟ್ಟಿಗೆ ಕೂಡಿಸಿ ಸರಾಸರಿ ತೆಗೆಯಲೇಬೇಡಿ.

ಯಾವ ಬೆಳೆ ಎಂಬುದೂ ಉತ್ತರ ಬದಲಿಸುತ್ತದೆ. ವೆಲ್ವೆಟ್ ಬೀನ್ಸ್ ಎಂಬ ಬಳ್ಳಿ ಹಣ್ಣಿನ ಗಿಡಕ್ಕೇ ಹಬ್ಬುತ್ತದೆ, ಅದನ್ನು ಬಿಡಿಸುವುದೇ ಒಂದು ಕೂಲಿ. ಸೆಣಬು ಹಸಿರೆಲೆ ಗೊಬ್ಬರಕ್ಕೆ ಒಳ್ಳೆಯದು, ಆದರೆ ಹೂ ಬರುವ ಹೊತ್ತಿಗೇ ಮಣ್ಣಿಗೆ ಸೇರಿಸಬೇಕು. ತಡವಾದರೆ ಕಾಂಡ ನಾರಾಗುತ್ತದೆ. ಹುರುಳಿ ಮನೆಗೂ ದನಕ್ಕೂ ಆಗುತ್ತದೆ, ಬಿತ್ತುವುದನ್ನು ಯಾರೂ ಕಲಿಸಬೇಕಿಲ್ಲ.

ಜಾಗದ ಲೆಕ್ಕವನ್ನೂ ರೈತರ ಜೊತೆ ಕೂತು ಹಾಕಿ. 10 ಮೀಟರ್ ಅಂತರದಲ್ಲಿ ಎಕರೆಗೆ 40 ಮಾವಿನ ಗಿಡ. ಪ್ರತಿ ಗಿಡದ ಸುತ್ತ 3 ಮೀಟರ್ ಅಗಲದ ದುಂಡು ಪಾತಿ ಖಾಲಿ ಬಿಟ್ಟರೂ ಹೋಗುವುದು 283 ಚದರ ಮೀಟರ್, ಅಂದರೆ ಎಕರೆಯ ನೂರಕ್ಕೆ 7 ಭಾಗ.

ಆದ್ದರಿಂದ ಪ್ರಶ್ನೆ ಹೀಗಿರಲಿ: ‘ಯಜಮಾನ್ರ, ಈ ಮುಂಗಾರಿಗೆ ನಿಮ್ಮ ಮಾವಿನ ತೋಟದಾಗ ಎರಡು ಸಾಲಿಗೆ ಹುರುಳಿ ಹಾಕ್ತೀರೇನ್ರಿ?’ ಇಲ್ಲ ಅಂದರೆ ಕಾರಣ ನೀರೋ, ಕೂಲಿಯೋ, ಮಂದಿ ಮಾತೋ ಎಂದು ಅವರ ಮಾತಿನಲ್ಲೇ ಬರೆದುಕೊಳ್ಳಿ. ತೋಟ ಲಾವಣಿಯದ್ದೋ (ಗುತ್ತಿಗೆಗೆ ಪಡೆದದ್ದೋ) ಸ್ವಂತದ್ದೋ ಎಂಬುದನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿ. ಮುಂದಿನ ವರ್ಷ ಈ ನೆಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದವರು ಮಣ್ಣಿಗೆ ಹಣ ಹಾಕಲು ಹಿಂದೆಮುಂದೆ ನೋಡುತ್ತಾರೆ.