ಗುಜರಿ ನೀತಿ: ಶೇ. 25 ಯಾವುದರ ಮೇಲೆ, ‘ಸಿಡಿ’ ಯಾರ ಕೈಗೆ?

ಅಪ್ಪನ ಕಾರು ನಾಲ್ಕು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ನಾಲ್ಕೂ ಟೈರು ನೆಲಕ್ಕೆ ಕೂತಿವೆ, ಬಾನೆಟ್ ಎತ್ತಿದರೆ ಇಲಿ ಕಡಿದ ವೈರುಗಳು. ಹೊಸ ಕಾರಿನ ಮಾತು ಬಂದಾಗ, ಸ್ಕ್ರ್ಯಾಪಿಗೆ ಕೊಟ್ಟರೆ ಶೇ. 25 ರಿಯಾಯಿತಿ ಸಿಗುತ್ತದಂತೆ ಎಂದು ಎಲ್ಲರೂ ಹೇಳಿದರು. ಒಂದು ವಾರ ನಿಯಮ ಓದಿ ತಿಳಿದದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಕೇಂದ್ರ ಸರ್ಕಾರ 2021ರ ಆಗಸ್ಟ್ 13ರಂದು ಚಾಲನೆ ಕೊಟ್ಟ ಹಳೆ ವಾಹನಗಳ ಈ ಗುಜರಿ ನೀತಿ ಸ್ವಯಂಪ್ರೇರಿತ. ನಮ್ಮಲ್ಲಿ 15 ವರ್ಷ ತುಂಬಿದ ಖಾಸಗಿ ಕಾರನ್ನು ಒಡೆಸಲೇಬೇಕೆಂದಿಲ್ಲ, ಫಿಟ್‌ನೆಸ್ ಪರೀಕ್ಷೆ ಪಾಸಾದರೆ ಆರ್‌ಸಿ (ನೋಂದಣಿ ಪತ್ರ) ನವೀಕರಿಸಿ ಓಡಿಸಬಹುದು. ಆದರೆ 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಓಡದ ಕಾರಿಗೆ ಅಷ್ಟು ಸುರಿಯುವುದರಲ್ಲಿ ಅರ್ಥವಿಲ್ಲ.

ನಾನು ಎಡವಿದ್ದು ಆ ಶೇ. 25ರಲ್ಲಿ. ಅದು ಕಾರಿನ ಬೆಲೆಯ ಮೇಲಲ್ಲ, ರಸ್ತೆ ತೆರಿಗೆಯ ಮೇಲೆ. ಕಾರು 8 ಲಕ್ಷ, ಅದರ ತೆರಿಗೆ 1 ಲಕ್ಷ ಎಂದು ಹಿಡಿಯಿರಿ. ನಾನು 2 ಲಕ್ಷ ಉಳಿಯಿತೆಂದು ಲೆಕ್ಕ ಹಾಕಿದ್ದೆ, ನಿಜವಾಗಿ ಉಳಿಯುವುದು ಹೆಚ್ಚೆಂದರೆ 25,000. ‘ಹೆಚ್ಚೆಂದರೆ’ ಅನ್ನುವುದೂ ಮುಖ್ಯ: ಕೇಂದ್ರದ ನಿಯಮದಲ್ಲಿರುವುದು ‘ಶೇ. 25ರವರೆಗೆ’, ಅಂದರೆ ಮಿತಿ ಮಾತ್ರ. ಅದರೊಳಗೆ ಎಷ್ಟು ಬಿಡಬೇಕೆಂದು ನಿರ್ಧರಿಸುವುದು ರಾಜ್ಯ. ವಾಣಿಜ್ಯ ವಾಹನಕ್ಕೆ ಈ ಮಿತಿ ಶೇ. 15. ಇದಲ್ಲದೆ ಹೊಸ ಗಾಡಿಯ ನೋಂದಣಿ ಶುಲ್ಕ ಮನ್ನಾ ಆಗುತ್ತದೆ, ಹಳೆಯದರ ಗುಜರಿ ಹಣವೂ ಕೈಗೆ ಬರುತ್ತದೆ. ಗುಜರಿ ಹಣ ಹೊಸ ಕಾರಿನ ಎಕ್ಸ್-ಶೋರೂಂ ಬೆಲೆಯ ಸುಮಾರು ಶೇ. 4ರಿಂದ 6 ಎಂದು ನೀತಿಯಲ್ಲೇ ಅಂದಾಜಿದೆ.

ಇವೆಲ್ಲಕ್ಕೂ ಬೀಗದ ಕೈ ಒಂದೇ ಕಾಗದ: ಸರ್ಟಿಫಿಕೇಟ್ ಆಫ್ ಡೆಪಾಸಿಟ್, ಎಲ್ಲರ ಬಾಯಲ್ಲಿ ‘ಸಿಡಿ’. ಸರ್ಕಾರದಲ್ಲಿ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕಾರು ಒಪ್ಪಿಸಿದಾಗ ಮಾತ್ರ ಅದು ಸಿಗುತ್ತದೆ. ಬೀದಿಯ ಗುಜರಿಯವನು ಎರಡು ಸಾವಿರ ಹೆಚ್ಚು ಕೊಟ್ಟರೂ ಸಿಡಿ ಕೊಡಲಾರ. ಶೋರೂಮಿನಲ್ಲಿ ಎಕ್ಸ್‌ಚೇಂಜಿಗೆ ಬಿಟ್ಟರೂ ಅಷ್ಟೇ. ಎಕ್ಸ್‌ಚೇಂಜ್ ಎಂದರೆ ಮಾರಾಟ. ಕಾರು ಒಡೆಯುವುದಿಲ್ಲ, ಇನ್ನೊಬ್ಬರ ಕೈಗೆ ಹೋಗುತ್ತದೆ, ಹೆಸರು ಬದಲಾಗುವ ತನಕ ಆರ್‌ಸಿ ನಿಮ್ಮ ಹೆಸರಲ್ಲೇ ಇರುತ್ತದೆ. 2024ರಲ್ಲಿ ಹಲವು ಕಾರು ಕಂಪನಿಗಳು ಸೀಮಿತ ಅವಧಿಗೆ ಒಪ್ಪಿದ್ದ ಸ್ಕ್ರ್ಯಾಪ್ ರಿಯಾಯಿತಿ (ಬೆಲೆಯ ಶೇ. 1.5 ಅಥವಾ 20,000 ರೂಪಾಯಿ, ಯಾವುದು ಕಡಿಮೆಯೋ ಅದು) ಮತ್ತು ಎಕ್ಸ್‌ಚೇಂಜ್ ಬೋನಸ್ ಎರಡೂ ಒಟ್ಟಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಓಡುವ ಕಾರಾದರೆ ಎಕ್ಸ್‌ಚೇಂಜಿನ ಬೆಲೆ ಮೊದಲು ಕೇಳಿ, ನಮ್ಮದರಂತೆ ಸ್ಟಾರ್ಟೇ ಆಗದಿದ್ದರೆ ಸ್ಕ್ರ್ಯಾಪ್ ವಾಸಿ.

ಇನ್ನೊಂದು ಕಾಗದವಿದೆ, ಸರ್ಟಿಫಿಕೇಟ್ ಆಫ್ ವೆಹಿಕಲ್ ಸ್ಕ್ರ್ಯಾಪಿಂಗ್. ಕಾರು ಒಪ್ಪಿಸಿದ್ದಕ್ಕೆ ಸಿಡಿ, ಒಡೆದು ಮುಗಿದದ್ದಕ್ಕೆ ಇದು. ಮೊದಲನೆಯದು ಹೊಸ ಕಾರಿಗೆ ಬೇಕು, ಎರಡನೆಯದು ಹಳೆಯದರ ಲೆಕ್ಕ ಚುಕ್ತಾ ಆಯಿತೆನ್ನಲು. ಎರಡನ್ನೂ ಕೇಳಿ ಪಡೆಯಿರಿ.

ಸ್ಕ್ರ್ಯಾಪಿಂಗ್ ಅರ್ಜಿ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ. ಸಾಲದ ಹೈಪಾಥಿಕೇಶನ್ (ಕಾರು ಬ್ಯಾಂಕಿಗೆ ಅಡವಿದೆ ಎಂಬ ನಮೂದು) ಆರ್‌ಸಿಯಲ್ಲಿ ಉಳಿದಿದ್ದರೆ ಮುಂದೆ ಹೋಗದು. ಸಾಲ ಎಂದೋ ತೀರಿದ್ದರೂ ಬ್ಯಾಂಕಿನ ಹೆಸರು ತೆಗೆಸಿರಲೇಬೇಕು. ಬಾಕಿ, ಕೇಸು, ಬ್ಲ್ಯಾಕ್‌ಲಿಸ್ಟ್ ಕೂಡ ಅಲ್ಲೇ ತಾಳೆಯಾಗುತ್ತವೆ. ಟೋಯಿಂಗ್ ಖರ್ಚು ಯಾರದೆಂದು ಒಪ್ಪಂದಕ್ಕೆ ಮೊದಲೇ ಕೇಳಿಕೊಳ್ಳಿ. ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮಾಲೀಕರದು, ಕಾರಿನದಲ್ಲ. ಆದರೆ ಪಾಲಿಸಿ ಮುಗಿದು 90 ದಿನ ದಾಟಿದರೆ ಅದು ಹೋಯಿತು, ನಮ್ಮದು ಹಾಗೇ ಹೋಯಿತು.

ಕಡೆಗೆ ನಮ್ಮ ಮನೆಯ ತೊಡಕು: ಹಳೆ ಆರ್‌ಸಿ ಅಪ್ಪನದು, ಹೊಸ ಕಾರು ನನ್ನ ಹೆಸರಿಗೆ. ಸಿಡಿ ಅಪ್ಪನ ಹೆಸರಿಗೇ ಬರುತ್ತದೆ, ಆದರೆ ಅದನ್ನು ಬೇರೆಯವರಿಗೆ ವರ್ಗಾಯಿಸಬಹುದು. ವರ್ಗಾವಣೆ ಮುಗಿಯುವ ಮೊದಲು ಹೊಸ ಕಾರಿನ ನೋಂದಣಿಗೆ ಕೈಹಾಕಬಾರದು ಎಂದು ಡೈರಿಯಲ್ಲಿ ಕೆಂಪಕ್ಷರದಲ್ಲಿ ಬರೆದುಕೊಂಡಿದ್ದೇನೆ.