ಬಾಯಿ ತೆರೆದ ಬಲೆ, ಕಣ್ಣು ಮುಚ್ಚಿದ ಬಲೆ

ಟ್ರಾಲ್ ಬಲೆ ನೋಡಲು ಸರಳ. ಒಂದು ಉದ್ದನೆಯ ಚೀಲ ಅಷ್ಟೇ. ಮುಂದೆ ಅಗಲ ಬಾಯಿ, ಹಿಂದೆ ಹೋದಂತೆ ಕಿರಿದು, ಕೊನೆಯಲ್ಲಿ ಮೀನು ತುಂಬಿಕೊಳ್ಳುವ ಗಂಟು ಕಟ್ಟಿದ ಭಾಗ. ಬಾಯಿಯ ಎರಡು ಬದಿಗೆ ಹಗ್ಗ ಕಟ್ಟಿ ಬೋಟ್ ಎಳೆಯುತ್ತದೆ. ಫಜೀತಿ ಶುರುವಾಗುವುದು ಇಲ್ಲೇ. ಎರಡೂ ಹಗ್ಗ ಕೊನೆಗೆ ಬಂದು ಸೇರುವುದು ಒಂದೇ ಬೋಟಿಗೆ. ಬೋಟ್ ಮುಂದೆ ಹೋದಷ್ಟೂ ಹಗ್ಗಗಳು ಬಲೆಯ ಎರಡು ತುದಿಗಳನ್ನು ಹತ್ತಿರ ಹತ್ತಿರ ತರುತ್ತವೆ. ಬಾಯಿ ಮುಚ್ಚಿಹೋಗುತ್ತದೆ. ಮುಚ್ಚಿದ ಬಲೆಯನ್ನು ಇಡೀ ದಿನ ಎಳೆದರೂ ಸುಟ್ಟ ಡೀಸೆಲ್ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ಟ್ರಾಲ್ ಬಲೆಯ ಚರಿತ್ರೆ ಎಂದರೆ ಬಹುಪಾಲು ಬಾಯಿ ತೆರೆದಿಡುವ ಚರಿತ್ರೆ. ಆ ಸಮಸ್ಯೆ ಬಗೆಹರಿಯಲು ಐನೂರು ವರ್ಷ ಬೇಕಾಯಿತು. ಅದರ ಪಕ್ಕದಲ್ಲೇ ಇನ್ನೊಂದು ಸಮಸ್ಯೆ ಇತ್ತು. ಅದನ್ನು ಸರಿಯಾಗಿ ಕಣ್ಣಿಟ್ಟು ನೋಡಿದ್ದು ಮಾತ್ರ ನಿನ್ನೆ ಮೊನ್ನೆ.

ಮರದ ದೂಲ

1376ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಒಂದು ದೂರು ಹೋಯಿತು. ಥೇಮ್ಸ್ ನದಿ ಸಮುದ್ರ ಸೇರುವ ಕಡೆಯ ಮೀನುಗಾರರು ಕೊಟ್ಟ ದೂರು. ಕೆಲವರು ಹೊಸ ಬಗೆಯ ಬಲೆಯೊಂದನ್ನು ತಂದಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಬಲೆ 18 ಅಡಿ ಉದ್ದ, 10 ಅಡಿ ಅಗಲ. ಬಾಯಿಗೆ ಅಡ್ಡಲಾಗಿ 10 ಅಡಿಯ ಮರದ ದೂಲ. ಕೆಳಗಿನ ಹಗ್ಗಕ್ಕೆ ಸೀಸ ಮತ್ತು ಕಲ್ಲು. ಬಲೆಯ ಕಣ್ಣು, ಅಂದರೆ ದಾರಗಳ ನಡುವಿನ ತೂತು, ಎಷ್ಟು ಸಣ್ಣದೆಂದರೆ ಎರಡು ಹೆಬ್ಬೆರಳಿನ ಅಗಲ. ಇದು ತಳವನ್ನು ಕೆರೆದು ಗಿಡಗಳನ್ನೆಲ್ಲ ಕಿತ್ತು ಹಾಕುತ್ತದೆ, ಮರಿಮೀನು ಗುಡ್ಡೆಗಟ್ಟಲೆ ಬರುತ್ತದೆ, ಅದನ್ನು ಹಂದಿಗೆ ಹಾಕುತ್ತಾರೆ, ಇದನ್ನು ನಿಲ್ಲಿಸಿ ಎಂದು ಅವರು ರಾಜ ಮೂರನೇ ಎಡ್ವರ್ಡನಿಗೆ ಕೇಳಿಕೊಂಡರು. ಊರು, ಇಸವಿ ಬದಲಿಸಿದರೆ ಈ ಅರ್ಜಿಯನ್ನು ಇವತ್ತು ಮಲ್ಪೆಯ ನಾಡದೋಣಿಯವರೂ ಕೊಡಬಹುದು, ಅಲ್ವಾ?

ಆ ದೂಲವೇ ಮೊದಲ ಉತ್ತರ. ಬಾಯಿ ಮುಚ್ಚಬಾರದು ಎಂದರೆ ಅಡ್ಡಕ್ಕೆ ಗಟ್ಟಿ ಮರವೊಂದನ್ನು ಕೊಟ್ಟುಬಿಡಿ. ದೂಲದ ಎರಡು ತುದಿಗೆ ಕಬ್ಬಿಣದ ಕಾಲು ಹಾಕಿದರೆ ಅದು ತಳದಿಂದ ಮೂರ್ನಾಲ್ಕು ಅಡಿ ಮೇಲೆ ನಿಲ್ಲುತ್ತದೆ. ಬಲೆಯ ಕೆಳಹಗ್ಗ ತಳದ ಮೇಲೆ ಜಾರುತ್ತಾ ಬರುತ್ತದೆ. ವೇಗ ಕಡಿಮೆಯಾಗಲಿ, ಗಾಳಿ ಬೀಳಲಿ, ಬಾಯಿ ತೆರೆದೇ ಇರುತ್ತದೆ. ಹಾಯಿದೋಣಿಗಳ ಕಾಲಕ್ಕೆ ಇದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ಇಂಗ್ಲೆಂಡಿನ ದಕ್ಷಿಣದ ಬ್ರಿಕ್ಸ್‌ಹ್ಯಾಂ ಬಂದರಿನವರು 19ನೇ ಶತಮಾನದಲ್ಲಿ ಇದನ್ನೇ ಹಿಡಿದುಕೊಂಡು ಉತ್ತರ ಸಮುದ್ರದವರೆಗೆ ಹೋದರು. ದೂಲ 40 ಅಡಿ ದಾಟಿತು, 50 ಅಡಿಗೂ ಬಂತು.

ಅಲ್ಲಿಗೆ ನಿಂತಿತು. 1880ರ ದಶಕದಲ್ಲಿ ಉಗಿಯಂತ್ರದ ಟ್ರಾಲರ್‌ಗಳು ಬಂದಾಗ ಎಳೆಯುವ ಶಕ್ತಿಗೆ ಕೊರತೆಯೇ ಇರಲಿಲ್ಲ. ಇನ್ನೂ ದೊಡ್ಡ ಬಲೆ ಎಳೆಯಬಹುದಿತ್ತು. ಆದರೆ 50 ಅಡಿಯ ಮರವನ್ನು ಅಲೆ ಎದ್ದ ಸಮುದ್ರದಲ್ಲಿ ಹಡಗಿನ ಪಕ್ಕಕ್ಕೆ ಎತ್ತಿ ಕಟ್ಟುವುದು ಹೇಗೆ? ಮರ ಮುರಿಯುತ್ತಿತ್ತು, ಇಲ್ಲವೇ ಕೆಲಸಗಾರನ ಕೈಕಾಲು ಮುರಿಯುತ್ತಿತ್ತು. ಎಂಜಿನ್ ದೊಡ್ಡದಾದರೂ ಬಲೆಯ ಅಗಲ ಮಾತ್ರ ಮರದ ಉದ್ದಕ್ಕೇ ಸಿಕ್ಕಿಹಾಕಿಕೊಂಡಿತ್ತು.

ಎರಡು ಹಲಗೆ

ಬಿಡುಗಡೆ ಬಂದದ್ದು 1894ರಲ್ಲಿ. ಸ್ಕಾಟ್ಲೆಂಡಿನ ಗ್ರಾಂಟನ್ ಬಂದರಿನ ಸ್ಕಾಟ್ ಎಂಬುವರು ಆಟರ್ ಟ್ರಾಲ್‌ಗೆ ಪೇಟೆಂಟ್ ಪಡೆದರು. ದೂಲವೇ ಇಲ್ಲ. ಅದರ ಬದಲು ಬಲೆಯ ಎರಡು ಬದಿಗೆ ಒಂದೊಂದು ಭಾರದ ಹಲಗೆ. ಈ ಉಪಾಯ ಪೂರ್ತಿ ಹೊಸದೇನಲ್ಲ. ಕೆರೆಯ ದಡದಲ್ಲಿ ನಡೆಯುತ್ತಾ ಒಂದು ಹಲಗೆಯನ್ನು ದಾರದಿಂದ ಎಳೆದು, ಅದು ತಾನಾಗಿ ದಡದಿಂದ ದೂರ ಹೋಗುವಂತೆ ಮಾಡಿ, ಅದಕ್ಕೆ ಗಾಳ ಕಟ್ಟಿ ಕದ್ದು ಮೀನು ಹಿಡಿಯುವ ಕಲೆ ಆ ಕಡೆ ಮೊದಲೇ ಇತ್ತು. ಸಣ್ಣ ದೋಣಿಗಳಲ್ಲಿ ಕೆಲವರು ಬಲೆಗೂ ಹಾಕಿ ನೋಡಿದ್ದರು. ಉಗಿ ಟ್ರಾಲರ್‌ಗೆ ಅದನ್ನು ಹೊಂದಿಸಿ ದಂಧೆಗೆ ಇಳಿಸಿದ್ದು ಗ್ರಾಂಟನ್‌ನಲ್ಲಿ. ಐದಾರು ವರ್ಷದಲ್ಲಿ ಬ್ರಿಟನ್ನಿನ ಉಗಿ ಟ್ರಾಲರ್‌ಗಳು ಹೆಚ್ಚುಕಡಿಮೆ ಎಲ್ಲವೂ ದೂಲ ಬಿಟ್ಟು ಹಲಗೆ ಹಿಡಿದವು.

ಕೆಲಸ ನಡೆಯುವುದು ಗಾಳಿಪಟದ ಹಾಗೆ. ಹಲಗೆ ಸಮುದ್ರದ ತಳದಲ್ಲಿ ಅಂಚಿನ ಮೇಲೆ ನಿಂತಿರುತ್ತದೆ. ಬೋಟಿನ ಹಗ್ಗವನ್ನು ಅದರ ನಡುವಿಗೆ ಕಟ್ಟುವುದಿಲ್ಲ. ಸ್ವಲ್ಪ ಮುಂದೆ, ಸರಪಳಿ ಅಥವಾ ಕಬ್ಬಿಣದ ತೋಳಿನಿಂದ ಕಟ್ಟುತ್ತಾರೆ. ಹಾಗಾಗಿ ಹಲಗೆ ಓರೆಯಾಗಿ ಬರುತ್ತದೆ. ಎದುರಿನಿಂದ ಬರುವ ನೀರು ಅದರ ಮುಖಕ್ಕೆ ಹೊಡೆದು ಹೊರಕ್ಕೆ ತಳ್ಳುತ್ತದೆ. ಎಡದ ಹಲಗೆ ಎಡಕ್ಕೆ, ಬಲದ್ದು ಬಲಕ್ಕೆ. ನಡುವೆ ಬಲೆಯ ಬಾಯಿ ಅಗಲವಾಗುತ್ತದೆ. ತಳದ ಮಣ್ಣು ಕೂಡ ಸ್ವಲ್ಪ ತಳ್ಳುತ್ತದೆ.

ಎಲ್ಲವೂ ನಿಂತಿರುವುದು ಆ ಓರೆಯ ಮೇಲೆ. ಓರೆ ಕಡಿಮೆಯಾದರೆ ಹಲಗೆ ಸೀದಾ ಜಾರಿ ಬರುತ್ತದೆ, ಹೊರಕ್ಕೆ ತಳ್ಳುವುದೇ ಇಲ್ಲ. ಜಾಸ್ತಿಯಾದರೆ ನೀರನ್ನು ಸುಮ್ನೆ ತಡೆಯುತ್ತದೆ, ಎಂಜಿನ್‌ಗೆ ಭಾರ. ಹಳೆಯ ಚಪ್ಪಟೆ ಹಲಗೆಗೆ ಸುಮಾರು 40 ಡಿಗ್ರಿ ಓರೆ ಬೇಕಿತ್ತು. ನೀರಿನ ಒಳಗೆ ಏನಾಗುತ್ತಿದೆ ಎಂದು ನೋಡಲು ಆಗುವುದಿಲ್ಲವಲ್ಲ. ಅದಕ್ಕೆ ಮೀನುಗಾರರು ತಮ್ಮದೇ ದಾರಿ ಕಂಡುಕೊಂಡರು. ಹಲಗೆ ಮೇಲೆ ಬಂದಾಗ ಅದರ ತಳದ ಕಬ್ಬಿಣದ ಪಟ್ಟಿ ನೋಡುತ್ತಾರೆ. ಪಟ್ಟಿ ಉದ್ದಕ್ಕೂ ಒಂದೇ ಸಮ ಸವೆದು ಹೊಳೆಯುತ್ತಿದ್ದರೆ ಹಲಗೆ ನೆಟ್ಟಗೆ ನಿಂತಿದೆ. ಮುಂದಿನ ತುದಿ ಮಾತ್ರ ಹೊಳೆದರೆ ಮೂಗು ಊರಿ ಬರುತ್ತಿದೆ, ಸರಪಳಿ ಬದಲಿಸಬೇಕು.

ಅಗಲ ಅಳೆಯುವುದಕ್ಕೂ ಒಂದು ಜಾಣತನವಿದೆ. ಬೋಟಿನಿಂದ ಹೊರಟ ಎರಡು ಹಗ್ಗಗಳ ನಡುವಿನ ಅಂತರವನ್ನು ಎರಡು ಕಡೆ ಅಳೆಯಿರಿ. ಒಂದು ಅಳತೆ ಹಗ್ಗ ಹೊರಡುವಲ್ಲಿ, ಇನ್ನೊಂದು ಅಲ್ಲಿಂದ ಒಂದು ಮೀಟರ್ ಹಿಂದೆ. ಅಷ್ಟರಲ್ಲಿ ಅಂತರ 10 ಸೆಂಟಿಮೀಟರ್ ಹೆಚ್ಚಿದ್ದರೆ, 200 ಮೀಟರ್ ಹಗ್ಗ ಬಿಟ್ಟಾಗ ಅದು 20 ಮೀಟರ್ ಹೆಚ್ಚುತ್ತದೆ. ಶಾಲೆಯ ತ್ರಿಕೋನ ಪಾಠ ಇದೇ ತಾನೇ! ಸೆನ್ಸರ್ ಬರುವ ಮೊದಲು ಕೈಗೆ ಸಿಗುತ್ತಿದ್ದ ಅಂದಾಜು ಇದು.

ಸುಖದ ಜೊತೆ ಕಷ್ಟವೂ ಬಂತು. ದೂಲಕ್ಕೆ ವೇಗದ ಹಂಗಿರಲಿಲ್ಲ. ಹಲಗೆಗೆ ಇದೆ. ಬೋಟ್ ನಿಂತರೆ ಹಲಗೆ ಮಲಗುತ್ತದೆ. ತಿರುವಿನಲ್ಲಿ ಒಳಬದಿಯ ಹಲಗೆಗೆ ನೀರಿನ ಹೊಡೆತ ಕಡಿಮೆಯಾಗಿ ಬೀಳಬಹುದು. ಬಲೆ ಬಿಡುವಾಗ ಎರಡೂ ಹಲಗೆ ಒಂದರ ಮೇಲೊಂದು ಹಾಯ್ದರೆ ಹಗ್ಗ ಹೆಣೆದುಕೊಂಡು ಅರ್ಧ ದಿನ ಹೋಯಿತು ಎಂದೇ ಲೆಕ್ಕ.

ಈ ಹೊಸ ಬಲೆಯ ಪರಿಣಾಮ ಬೇಗ ಕಂಡಿತು. ಇಂಗ್ಲೆಂಡಿನ ಜೀವವಿಜ್ಞಾನಿ ವಾಲ್ಟರ್ ಗಾರ್ಸ್ಟಾಂಗ್ 1900ರಲ್ಲಿ ಒಂದು ಲೆಕ್ಕ ಹಾಕಿದರು. ಎಲ್ಲ ಹಡಗುಗಳ ಶಕ್ತಿಯನ್ನು ಹಾಯಿದೋಣಿಯ ಲೆಕ್ಕಕ್ಕೆ ಇಳಿಸಿ ನೋಡಿದರು. 1889ರಲ್ಲಿ ಒಂದು ದೋಣಿಯ ಪಾಲಿಗೆ ವರ್ಷಕ್ಕೆ ಸುಮಾರು 60 ಟನ್ ಮೀನು. 1898ರಲ್ಲಿ ಅದು 32 ಟನ್. ಹಿಡಿಯುವ ಶಕ್ತಿ ಏರಿತ್ತು, ಒಬ್ಬೊಬ್ಬರ ಪಾಲು ಅರ್ಧಕ್ಕೆ ಬಂದಿತ್ತು. ಸಮುದ್ರದ ಮೀನು ಮುಗಿಯುವುದೇ ಇಲ್ಲ ಎಂದು ದೊಡ್ಡವರು ಹೇಳುತ್ತಿದ್ದ ಕಾಲ ಅದು.

ಅಗಲ ಕೊಟ್ಟರೆ ಎತ್ತರ ಹೋಗುತ್ತದೆ

ಮೊದಲ ಆಟರ್ ಟ್ರಾಲ್‌ನಲ್ಲಿ ಹಲಗೆ ನೇರವಾಗಿ ಬಲೆಯ ತುದಿಗೇ ಅಂಟಿಕೊಂಡಿತ್ತು. 1920ರ ದಶಕದಲ್ಲಿ ಫ್ರಾನ್ಸಿನಿಂದ ವಿನ್ಯೆರೋನ್-ದಾಲ್ ಎಂಬ ಪೇಟೆಂಟ್ ಬಂತು. ಹಲಗೆ ಮತ್ತು ಬಲೆಯ ನಡುವೆ ಉದ್ದನೆಯ ತಂತಿ ಹಾಕಿ ಎಂದು ಅದು ಹೇಳಿತು. ಬಲೆ ಅಷ್ಟೇ ಇದ್ದರೂ ಹಲಗೆಗಳ ನಡುವೆ ಜಾಗ ಎಷ್ಟೋ ಪಟ್ಟು ಹೆಚ್ಚಿತು. ಹಲಗೆ ಎಬ್ಬಿಸುವ ಕೆಸರಿನ ಮೋಡ, ತಳದ ಮೇಲೆ ಸವರಿಕೊಂಡು ಬರುವ ತಂತಿ, ಇವೆರಡಕ್ಕೂ ಹೆದರಿದ ಮೀನು ನಡುವಿಗೆ ಓಡುತ್ತದೆ. ನಡುವಿನಲ್ಲಿ ಬಲೆ ಕಾಯುತ್ತಿರುತ್ತದೆ. ಬಲೆಗೆ ತಾಗದ ಮೀನೂ ಬಲೆಗೆ ಬೀಳುವಂತಾಯಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಚುರುಕಿನ ಯೋಚನೆ ಇದು.

ಅಗಲವಾಯಿತು, ಎತ್ತರ? ಅದು ಬೇರೆಯೇ ಜಗಳ. ಬಾಯಿಯ ಮೇಲಿನ ಹಗ್ಗಕ್ಕೆ ತೇಲುವ ಗುಂಡುಗಳನ್ನು ಕಟ್ಟುತ್ತಾರೆ. ಮೊದಲು ಗಾಜಿನವು, ಆಮೇಲೆ ಅಲ್ಯೂಮಿನಿಯಂ, ಈಗ ಪ್ಲಾಸ್ಟಿಕ್. ಕೆಳಗಿನ ಹಗ್ಗಕ್ಕೆ ಸರಪಳಿ ಅಥವಾ ಭಾರ. ಗುಂಡಿನ ಎತ್ತುವ ಬಲ ವೇಗದಿಂದ ಹೆಚ್ಚುವುದಿಲ್ಲ. ಆದರೆ ನೀರು ಬಲೆಯನ್ನು ಹಿಂದಕ್ಕೆ ಎಳೆಯುವ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಹಾಗಾಗಿ ಬೋಟ್ ಜೋರಾಗಿ ಓಡಿದಷ್ಟೂ ಮೇಲಿನ ಹಗ್ಗ ಕೆಳಗೆ ಕುಸಿಯುತ್ತದೆ. ಹಲಗೆಗಳು ಅತಿಯಾಗಿ ಅಗಲಿಸಿದರೂ ಹಗ್ಗ ಬಿಗಿಯಾಗಿ ಬಾಯಿ ತಗ್ಗುತ್ತದೆ. ಸೀಗಡಿಗೆ ಇದರಿಂದ ತೊಂದರೆ ಇಲ್ಲ, ಅದು ತಳದಲ್ಲೇ ಇರುತ್ತದೆ. ಅದಕ್ಕೆ ಅಗಲ ಬೇಕು. ತಳದಿಂದ ಮೇಲೆ ಈಜುವ ಮೀನಿಗೆ ಎತ್ತರ ಬೇಕು. ಎರಡಕ್ಕೂ ಒಂದೇ ಬಲೆ ಸಾಕು ಎನ್ನುವವರು ಸಾಮಾನ್ಯವಾಗಿ ಎರಡರಲ್ಲೂ ನಷ್ಟ ತಿನ್ನುತ್ತಾರೆ.

ತಳ ಬಿಟ್ಟು ನಡುನೀರಿನಲ್ಲಿ ಬಲೆ ಎಳೆಯುವುದು ಇನ್ನೂ ಕಷ್ಟವಾಗಿತ್ತು. 1948ರಲ್ಲಿ ಡೆನ್ಮಾರ್ಕಿನ ಸ್ಕಾಗೆನ್‌ನ ರಾಬರ್ಟ್ ಲಾರ್ಸೆನ್ ಹೆರಿಂಗ್ ಮೀನಿಗಾಗಿ ತೇಲುವ ಟ್ರಾಲ್ ಮಾಡಿದರು. ಹಲಗೆಯೇ ಬೇಡ, ಎರಡು ಬೋಟ್ ಇಟ್ಟುಕೊಳ್ಳಿ, ಅವು ದೂರ ದೂರ ಓಡಿದರೆ ಬಾಯಿ ತಾನಾಗಿ ತೆರೆಯುತ್ತದೆ! ಆಮೇಲೆ ಜರ್ಮನಿಯ ಜ್ಯೂಬರ್‌ಕ್ರೂಬ್ ಅವರ ಬಾಗಿದ, ಎತ್ತರದ ಹಲಗೆ ಕೈಗೆ ಬಂತು. ಒಂದೇ ಬೋಟಿನಿಂದ ಆ ಕೆಲಸ ಸಾಧ್ಯವಾಯಿತು. ಶಬ್ದದ ಅಲೆಯಿಂದ ನೀರೊಳಗೆ ನೋಡುವ ಸೋನಾರ್ ಯಂತ್ರವನ್ನು ಬಲೆಯ ಬಾಯಿಗೇ ಕೂರಿಸುವುದು 1950ರ ದಶಕದ ಕೊನೆಗೆ ಬಂದ ಮೇಲೆ ಕ್ಯಾಪ್ಟನ್ನಿಗೆ ಮೊದಲ ಸಲ ತನ್ನ ಬಲೆ ತೆರೆದಿದೆಯೋ ಇಲ್ಲವೋ ಎಂದು ಕಾಣಿಸಿತು. ಇವತ್ತಿನ ಐಸ್‌ಲ್ಯಾಂಡಿನ ದೈತ್ಯ ಬಲೆಗಳ ಮುಂಭಾಗದಲ್ಲಿ ಒಂದೊಂದು ಕಣ್ಣೇ ಹತ್ತಾರು ಮೀಟರ್ ಇರುತ್ತದೆ. ಮೀನು ಅದರಿಂದ ಹೊರಗೆ ಹೋಗಬಹುದು. ಆದರೂ ಹಗ್ಗಕ್ಕೆ ಹೆದರಿ ಹೋಗುವುದಿಲ್ಲ.

ನಮ್ಮ ಕರಾವಳಿಗೆ

ಭಾರತಕ್ಕೆ ಟ್ರಾಲ್ ದಂಧೆಯಾಗಿ ಬಂದದ್ದು ಮುಖ್ಯವಾಗಿ ಇಂಡೋ-ನಾರ್ವೇಜಿಯನ್ ಯೋಜನೆಯ ದಾರಿಯಲ್ಲಿ. 1952ರಲ್ಲಿ ಒಪ್ಪಂದವಾಯಿತು. ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಕೆಲಸ ಶುರುವಾಯಿತು. ಯೋಜನೆಯ ಆಸೆ ಬಡ ಮೀನುಗಾರರಿಗೆ ಒಳ್ಳೆಯ ಬೋಟ್ ಕೊಡುವುದು. ಸಿಕ್ಕಿದ್ದು ಸೀಗಡಿ. ವಿದೇಶದಲ್ಲಿ ಸೀಗಡಿಗೆ ಬೆಲೆ ಏರಿದ್ದೇ ತಡ, ಟ್ರಾಲ್ ಬೋಟ್ ಪಶ್ಚಿಮ ಕರಾವಳಿ ಉದ್ದಕ್ಕೂ ಹರಡಿತು. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರದ ದಕ್ಕೆಗಳ ಚಹರೆಯೇ ಬದಲಾಯಿತು. ದಡದಿಂದ ನೂರಾರು ಜನ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ಅದಕ್ಕೆ ಟ್ರಾಲ್‌ಗಿಂತ, ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಯ ಪಾಲೇ ಹೆಚ್ಚು, ಅದು ಇನ್ನೊಂದು ಕಥೆ.

ಬಲೆಯ ವಿನ್ಯಾಸಕ್ಕೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ 1957ರಿಂದ ಕೈಹಾಕಿತು. ಮಂಗಳೂರಿನಲ್ಲಿ 1969ರಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಬಂತು. ಮರದ ಚಪ್ಪಟೆ ಹಲಗೆ, ನಮ್ಮವರ ಮಾತಿನಲ್ಲಿ ಬೋರ್ಡ್, ಇಲ್ಲಿ ಬಹಳ ಕಾಲ ನಡೆಯಿತು. ಆಮೇಲೆ ಕಬ್ಬಿಣದ, ವಿ ಆಕಾರದ ಬೋರ್ಡ್ ಬಂತು. ಕಲ್ಲಿಗೆ ತಾಗಿದರೂ ಸುಲಭವಾಗಿ ಬೀಳದೆ ಮೇಲೆ ಹತ್ತಿ ಇಳಿಯುತ್ತದೆ ಎನ್ನುವುದು ಇದರ ಗುಣ. ಎರಡು ಬೋಟ್ ಸೇರಿ ಒಂದು ಬಲೆ ಎಳೆಯುವ ಬುಲ್ ಟ್ರಾಲ್ ಕೂಡ ಬಂತು. ಬಾಯಿ ತೆರೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಅದೇ ಕಾರಣಕ್ಕೆ 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು.

ಡೀಸೆಲ್ ಬೆಲೆ ಏರಿದ ಮೇಲೆ ಪ್ರಶ್ನೆ ತಿರುಗಿತು. ಬಾಯಿ ಎಷ್ಟು ಅಗಲ ಎನ್ನುವುದರ ಬದಲು ಅಷ್ಟು ಅಗಲಕ್ಕೆ ಎಷ್ಟು ಲೀಟರ್ ಎಂದು ಕೇಳಬೇಕಾಯಿತು. ಎಳೆತದಲ್ಲಿ ಬೋರ್ಡಿನ ಪಾಲು ಸುಮಾರು ಐದನೇ ಒಂದು. ಅರ್ಧಕ್ಕಿಂತ ಹೆಚ್ಚು ಪಾಲು ಬಲೆಯದ್ದೇ. ತೆಳು ದಾರ, ಮುಂಭಾಗದಲ್ಲಿ ದೊಡ್ಡ ಕಣ್ಣು, ಒಂದು ದೊಡ್ಡ ಬಲೆಯ ಬದಲು ಎರಡು ಚಿಕ್ಕವು, ಇವೆಲ್ಲ ಹುಟ್ಟಿದ್ದು ಈ ಲೆಕ್ಕದಿಂದ.

ಹಿಂದೆ ಏನಾಗುತ್ತಿತ್ತು

ಇಷ್ಟು ಹೊತ್ತು ಎಲ್ಲರೂ ಬಲೆಯ ಮುಂದೆ ನೋಡುತ್ತಿದ್ದರು. ಹಿಂದೆ, ಮೀನು ಸೇರುವ ಚೀಲದಲ್ಲಿ ಬೇರೆಯೇ ನಡೆಯುತ್ತಿತ್ತು. ಬಲೆಯ ಕಣ್ಣು ಸಾಮಾನ್ಯವಾಗಿ ವಜ್ರದ ಆಕಾರದ್ದು. ಚೀಲದಲ್ಲಿ ಮೀನು ತುಂಬಿ ಭಾರವಾದಂತೆ ಬಲೆ ಉದ್ದಕ್ಕೆ ಎಳೆಯಲ್ಪಡುತ್ತದೆ. ಆಗ ವಜ್ರ ಸೊರಗಿ ಬರೀ ಸೀಳಾಗುತ್ತದೆ. ದಾಖಲೆಯಲ್ಲಿ ಕಣ್ಣು ದೊಡ್ಡದೇ ಇರಬಹುದು. ನೀರಿನಲ್ಲಿ ಅದು ಮುಚ್ಚಿರುತ್ತದೆ. ಮರಿಮೀನು ಹೊರಗೆ ಹೋಗಲು ದಾರಿಯೇ ಇಲ್ಲ. ಕಣ್ಣಿನ ಅಳತೆಗೆ ಕಾನೂನು ಮಾಡಿ ಕೂತ ಸರ್ಕಾರಗಳು ದಶಕಗಳ ಕಾಲ ಅಳೆದದ್ದು ದಡದಲ್ಲಿ ಒಣಗಿ ಬಿದ್ದ ಬಲೆಯನ್ನು.

1970, 80ರ ದಶಕಗಳಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಪ್ರಯೋಗಾಲಯದವರು ಓಡುತ್ತಿರುವ ಬಲೆಯ ಪಕ್ಕಕ್ಕೇ ಮುಳುಗುಗಾರರನ್ನೂ ಕ್ಯಾಮೆರಾವನ್ನೂ ಇಳಿಸಿದರು. ಸೀಳಾದ ಕಣ್ಣು ಆಗ ಚೆನ್ನಾಗಿ ಕಂಡಿತು. ಪರಿಹಾರ ತುಂಬ ಸರಳವಾಗಿತ್ತು. ಬಲೆಯನ್ನು 45 ಡಿಗ್ರಿ ತಿರುಗಿಸಿ ಹೊಲಿಯಿರಿ. ಆಗ ಕಣ್ಣು ಚೌಕ. ಎರಡು ದಾರ ಎಳೆತದ ದಿಕ್ಕಿನಲ್ಲಿ, ಎರಡು ಅಡ್ಡಕ್ಕೆ. ಎಷ್ಟು ಎಳೆದರೂ ಚೌಕ ಮುಚ್ಚುವುದಿಲ್ಲ. 90 ಡಿಗ್ರಿ ತಿರುಗಿಸುವ ಟಿ-90 ಎಂಬ ವಿಧಾನ ಬಾಲ್ಟಿಕ್ ಸಮುದ್ರದ ಕಡೆ ಬಳಕೆಗೆ ಬಂತು. ಅಲ್ಲಿ ಗಂಟುಗಳೇ ಕಣ್ಣನ್ನು ತೆರೆದು ಹಿಡಿಯುತ್ತವೆ.

ಕೊಚ್ಚಿಯ ಸಂಸ್ಥೆ ನಮ್ಮ ಕರಾವಳಿಗೂ ಚೌಕ ಕಣ್ಣನ್ನೇ ಶಿಫಾರಸು ಮಾಡಿತು. ಕೊನೆಯ ಚೀಲಕ್ಕೆ 35 ಮಿಲಿಮೀಟರ್ ಚೌಕ ಕಣ್ಣು ಎಂಬ ನಿಯಮ ಕೇರಳ, ಕರ್ನಾಟಕ ಎರಡರಲ್ಲೂ ಇದೆ. ತೆರೆದ ಕಣ್ಣಿನಿಂದ ನೀರು ಸಲೀಸಾಗಿ ಹೋಗುವುದರಿಂದ ಎಳೆತವೂ ಕಡಿಮೆ. ಬೋಟ್ ಮಾಲೀಕರಿಗೆ ಡೀಸೆಲ್ ಉಳಿತಾಯದ ಈ ಮಾತನ್ನು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ.

ಆದರೆ ಬೋಟಿನ ಲೆಕ್ಕ ಬೇರೆ. ಹಲವು ದಿನ ಆಳಸಮುದ್ರದಲ್ಲಿದ್ದು ಬರುವ ಬೋಟಿನಲ್ಲಿ ಅಂಜಲ್, ಬೊಂಡಾಸ್ ಜೊತೆಗೆ ಹೆಸರಿಲ್ಲದ ಸಣ್ಣ ಮೀನಿನ ರಾಶಿಯೂ ಇರುತ್ತದೆ. ಮೀನನ್ನು ಒಣಗಿಸಿ ಪುಡಿ ಮಾಡುವ ಮಂಗಳೂರು, ಉಡುಪಿ ಕಡೆಯ ಫಿಶ್‌ಮೀಲ್ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಕಿಲೋಗೆ ಸಿಗುವುದು ಕಡಿಮೆ, ತೂಕ ಮಾತ್ರ ಜಾಸ್ತಿ. ಡೀಸೆಲ್, ಐಸ್ ಖರ್ಚಿಗೆ ಅದು ಆಗುತ್ತದೆ. ಹಾಗಾಗಿ ಚೌಕ ಕಣ್ಣಿನ ಚೀಲದ ಒಳಗೆ ಸಣ್ಣ ಕಣ್ಣಿನ ಇನ್ನೊಂದು ಬಲೆ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಸಮುದ್ರದ ಮಧ್ಯೆ ಅದನ್ನು ನೋಡುವವರು ಯಾರು? ದಡಕ್ಕೆ ಬರುವ ಮೊದಲು ಬಿಚ್ಚಿಟ್ಟರೆ ಮುಗಿಯಿತು.

ಅದಕ್ಕೇ ನನಗೆ ಕೇರಳ 2015ರಲ್ಲಿ ಹಿಡಿದ ದಾರಿ ಹೆಚ್ಚು ಸರಿ ಎನಿಸುತ್ತದೆ. ಅವರು ಬಲೆಯ ಕಣ್ಣಿನ ಜೊತೆಗೆ ಮೀನಿನ ಉದ್ದಕ್ಕೂ ಕನಿಷ್ಠ ಅಳತೆ ಇಟ್ಟರು. ಬೋಟ್ ದಕ್ಕೆಗೆ ಬಂದಾಗ ಬಲೆ ಬಿಡಿಸಿ ನೋಡುವ ಗೋಜಿಲ್ಲ. ಬುಟ್ಟಿಯಲ್ಲಿರುವ ಮೀನನ್ನು ಅಳೆದರೆ ಸಾಕು.