ಕತ್ತರಿ ಎಲ್ಲಿ ಬಿತ್ತು ಅಂತ ನೋಡಿ

ಸಿನಿಮಾ ತೋರಿಸಿ ಆಮೇಲೆ ಸಂವಾದ ಅಂತ ಇಟ್ಟುಕೊಳ್ಳುತ್ತಾರಲ್ಲ, ಅಲ್ಲಿಗೆ ನನ್ನನ್ನೂ ಆಗಾಗ ಕರೆಯುತ್ತಾರೆ. ಎಡಿಟರ್‌ಗೆ ಏನೋ ಒಳಗುಟ್ಟು ಗೊತ್ತಿರುತ್ತದೆ ಅನ್ನೋ ನಂಬಿಕೆ. ಕ್ರಾಂತಿಕಾರಿಯೊಬ್ಬನ ಎಳೆ ವಯಸ್ಸಿನ ಕಥೆ ಆಗಿದ್ದರಂತೂ ಮೊದಲ ಪ್ರಶ್ನೆ ನನಗೆ ಬಾಯಿಪಾಠ. "ಸರ್, ಇದರಲ್ಲಿ ಯಾವ್ಯಾವ ಸೀನ್ ಸುಳ್ಳು?" ಕೇಳಿದವರ ಕೈಯಲ್ಲಿ ಒಂದು ಪಟ್ಟಿಯೂ ಇರುತ್ತದೆ. ಅವರು ಕೂರುವ ಮೊದಲೇ ಹಿಂದಿನ ಸಾಲಿನಿಂದ ಇನ್ನೊಬ್ಬರು ಎದ್ದು, "ಎಲ್ಲಾ ಪುಸ್ತಕದಲ್ಲೇ ಇದೆ ಸ್ವಾಮಿ, ಇನ್ನು ವೈಭವೀಕರಣ ಎಲ್ಲಿಂದ ಬಂತು?" ಅನ್ನುತ್ತಾರೆ. ಅಲ್ಲಿಂದ ಮುಂದಿನ ಒಂದು ಗಂಟೆ ಇವರಿಬ್ಬರದೇ.

ನನಗೆ ತಲೆನೋವು ಬರುವುದು ಜಗಳಕ್ಕಲ್ಲ. ಇಬ್ಬರೂ ಸೀನುಗಳನ್ನೇ ಹಿಡಿದು ಜಗ್ಗುತ್ತಾರೆ ಅನ್ನೋದಕ್ಕೆ. ಇಪ್ಪತ್ತೈದು ವರ್ಷದಿಂದ ಎಡಿಟಿಂಗ್ ಟೇಬಲ್ ಮುಂದೆ ಕೂತಿದ್ದೇನೆ. ಒಬ್ಬ ಮನುಷ್ಯನನ್ನು ಚೆಂದ ಕಾಣಿಸಲು ಸುಳ್ಳು ಸೀನ್ ಬೇಕಾಗುವುದು ತೀರಾ ಕಡಿಮೆ. ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದರೆ ಸಾಕು.

ಸುಳ್ಳು ಸೀನಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. 1996ರ 'ಮೈಕಲ್ ಕಾಲಿನ್ಸ್' ಸಿನಿಮಾದಲ್ಲಿ ನೆಡ್ ಬ್ರಾಯ್ ಅಂತ ಒಬ್ಬರಿದ್ದಾರೆ. ಬ್ರಿಟಿಷರ ಪೊಲೀಸ್ ಇಲಾಖೆಯೊಳಗೇ ಇದ್ದುಕೊಂಡು, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಐರಿಷ್ ನಾಯಕ ಕಾಲಿನ್ಸ್‌ಗೆ ಗುಟ್ಟು ಮುಟ್ಟಿಸುತ್ತಿದ್ದವರು. ಸಿನಿಮಾದಲ್ಲಿ ಅವರನ್ನು ಹಿಂಸೆ ಕೊಟ್ಟು ಸಾಯಿಸುತ್ತಾರೆ. ನಿಜವಾಗಿ ಅವರು ಬದುಕಿದ್ದು 1972ರವರೆಗೆ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ 1920ರ ನವೆಂಬರ್ 21ರಂದು ಜನರ ಮೇಲೆ ಗುಂಡು ಹಾರಿಸಿದ್ದು ನಿಜ. ಆದರೆ ತೆರೆಯ ಮೇಲೆ ಕಾಣುವ ಹಾಗೆ ಮೆಷಿನ್ ಗನ್ ಹೊತ್ತ ಉಕ್ಕಿನ ಗಾಡಿ ಮೈದಾನದೊಳಗೆ ನುಗ್ಗಿರಲಿಲ್ಲ. ಇಂಥವು ಸುಲಭವಾಗಿ ಸಿಕ್ಕಿಬೀಳುತ್ತವೆ. ಇತಿಹಾಸ ಓದಿದವರು ಬೆರಳಿಟ್ಟು ತೋರಿಸುತ್ತಾರೆ, ಚರ್ಚೆಯಾಗುತ್ತದೆ, ಮುಗಿಯುತ್ತದೆ.

ಸಿಕ್ಕಿಬೀಳದೇ ಇರುವ ಕೆಲಸ ನೋಡಬೇಕಾದರೆ 2004ರ 'ದಿ ಮೋಟರ್‌ಸೈಕಲ್ ಡೈರೀಸ್' ನೋಡಿ. ವಾಲ್ಟರ್ ಸಾಲೆಸ್ ನಿರ್ದೇಶನ. ಚೆ ಗೆವಾರ ತಾನೇ ಬರೆದ ಪ್ರಯಾಣದ ಪುಸ್ತಕದ ಮೇಲೆ ಮಾಡಿದ್ದು. ಮೊದಲೇ ಹೇಳಿಬಿಡುತ್ತೇನೆ, ನನಗೆ ಇದು ತುಂಬಾ ಇಷ್ಟದ ಸಿನಿಮಾ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 1952ರಲ್ಲಿ ಅರ್ಜೆಂಟೀನಾದ 23ರ ಹುಡುಗ ಅರ್ನೆಸ್ಟೊ ಗೆವಾರ (ಮುಂದೆ ಕ್ಯೂಬಾದ ಕ್ರಾಂತಿಯಲ್ಲಿ 'ಚೆ' ಅಂತ ಹೆಸರಾದವನು ಇವನೇ), ಇನ್ನೂ ಮೆಡಿಕಲ್ ವಿದ್ಯಾರ್ಥಿ, ಗೆಳೆಯ ಆಲ್ಬರ್ಟೊ ಗ್ರನಾಡೊ ಜೊತೆ ಹಳೇ ನಾರ್ಟನ್ ಬೈಕು ಹತ್ತಿ ದಕ್ಷಿಣ ಅಮೆರಿಕ ಸುತ್ತಲು ಹೊರಡುತ್ತಾನೆ. ಬೈಕಿನ ಹೆಸರು 'ಬಲಶಾಲಿ'. ಅದು ದಾರಿ ತುಂಬಾ ಬೀಳುತ್ತದೆ, ಚಿಲಿಯಲ್ಲಿ ಪೂರ್ತಿ ಕೈಕೊಡುತ್ತದೆ. ಅಲ್ಲಿಂದ ಮುಂದೆ ಕಾಲ್ನಡಿಗೆ, ಸಿಕ್ಕ ಸಿಕ್ಕ ಲಾರಿ.

ಪೆರುವಿನಲ್ಲಿ ಅಮೆಜಾನ್ ದಂಡೆಯ ಸಾನ್ ಪಾಬ್ಲೊ ಕುಷ್ಠರೋಗಿಗಳ ಆಸ್ಪತ್ರೆ ಬರುತ್ತದೆ. ಸಿನಿಮಾದಲ್ಲಿ ನದಿಯ ಈ ದಡದಲ್ಲಿ ಡಾಕ್ಟರುಗಳು, ಆ ದಡದಲ್ಲಿ ರೋಗಿಗಳು. ಜೂನ್ 14, ಅರ್ನೆಸ್ಟೊನಿಗೆ 24 ತುಂಬಿದ ರಾತ್ರಿ. ಪಾರ್ಟಿ ನಡೆಯುತ್ತಿದೆ. ಇವನು ಎದ್ದು ಬಂದು ಕತ್ತಲಲ್ಲಿ ನೀರಿಗೆ ಇಳಿಯುತ್ತಾನೆ. ಉಬ್ಬಸದ ಹುಡುಗ. ಈ ದಡದಲ್ಲಿ ಆಲ್ಬರ್ಟೊ ವಾಪಸ್ ಬಾ ಅಂತ ಕೂಗುತ್ತಾನೆ. ಆ ದಡದಲ್ಲಿ ರೋಗಿಗಳು ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ. ಕಟ್ ಮಾಡಿರುವುದನ್ನು ಗಮನಿಸಿ. ಈ ದಡ, ನೀರು, ಆ ದಡ, ಮತ್ತೆ ನೀರು. ಪ್ರತಿ ಸಲ ನೀರಿಗೆ ಬಂದಾಗಲೂ ಉಸಿರಿನ ಸದ್ದು. ಉಸಿರಿನ ಸದ್ದನ್ನು ಅಷ್ಟು ಹತ್ತಿರದಿಂದ ಕೇಳಿಸಿದರೆ ನೋಡುವವರ ಉಸಿರೂ ಸಿಕ್ಕಿಹಾಕಿಕೊಳ್ಳುತ್ತದೆ. ನೀರಿನಲ್ಲಿರುವವನು ಯಾರೇ ಆಗಿರಲಿ, ಅವನು ದಡ ಸೇರಲಿ ಅಂತ ನಾವು ಹಾರೈಸುತ್ತಿರುತ್ತೇವೆ. ಇದು ನಮ್ಮ ಕಸುಬಿನ ಹಳೇ ಪಟ್ಟು. ನಾನೂ ಹಾಕಿದ್ದೇನೆ.

ಇಲ್ಲೇ ಜನ ಜಾರುವುದು. ಈಜಿದ್ದು ಹುಟ್ಟುಹಬ್ಬದ ರಾತ್ರಿಯೇನಾ, ಹಗಲಾ, ಅಂತ ಪಟ್ಟಿ ಹಿಡಿದವರು ಶುರು ಮಾಡುತ್ತಾರೆ. ಅದು ಯಾವತ್ತಾದರೂ ಆಗಿರಲಿ ಬಿಡಿ. ನೀವು ಕೇಳಬೇಕಾದ್ದು ಬೇರೆ.

ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದೊಂದು ಎಷ್ಟು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲ. ಅದೇ ಸಿನಿಮಾದಲ್ಲಿ ಚಿಲಿಯ ತಾಮ್ರದ ಗಣಿಯ ಸೀನ್ ಇದೆ. ಕಂಪನಿಯ ಲಾರಿ ಕೂಲಿಯವರನ್ನು ಆರಿಸಿ ತುಂಬಿಕೊಂಡು ಹೊರಡುತ್ತದೆ. ಅರ್ನೆಸ್ಟೊ ಸಿಟ್ಟಿನಿಂದ ಅದರ ಮೇಲೆ ಕಲ್ಲು ಬೀರುತ್ತಾನೆ. ಸಿನಿಮಾ 1952ರಲ್ಲೇ, ಕರಾಕಸ್ ವಿಮಾನ ನಿಲ್ದಾಣದಲ್ಲಿ ಮುಗಿಯುತ್ತದೆ. ಹಾಗಾಗಿ ಆ ಕಲ್ಲಿಗೆ ಒಂದೇ ಅರ್ಥ: ಅನ್ಯಾಯ ಸಹಿಸದ ಹುಡುಗನ ನ್ಯಾಯವಾದ ಸಿಟ್ಟು.

ಈಗ ಒಂದು ಫ್ರೇಮನ್ನೂ ಮುಟ್ಟದೆ, ಅದೇ ಸಿನಿಮಾಕ್ಕೆ ಇನ್ನೊಂದೇ ಒಂದು ಸೀನ್ ಕೊನೆಗೆ ಅಂಟಿಸಿ. 1957ರ ಫೆಬ್ರವರಿ, ಕ್ಯೂಬಾದ ಸಿಯೆರಾ ಮಾಯೆಸ್ತ್ರ ಬೆಟ್ಟಗಳು. ಯುಟಿಮಿಯೊ ಗೆರಾ ಅನ್ನೋ ರೈತ ಗೆರಿಲ್ಲಾಗಳ ಸುಳಿವನ್ನು ಸೈನ್ಯಕ್ಕೆ ಕೊಟ್ಟು ಸಿಕ್ಕಿಬಿದ್ದಿದ್ದಾನೆ. ಅವನ ತಲೆಗೆ ಗುಂಡು ಹೊಡೆದದ್ದು ಇದೇ ಅರ್ನೆಸ್ಟೊ, ಆಗ ಆ ಗೆರಿಲ್ಲಾಗಳಲ್ಲೊಬ್ಬ. ಯಾವ ಪಿಸ್ತೂಲು, ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ಹೊರಗೆ ಬಂತು ಅಂತ ಆತ ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ, ಡಾಕ್ಟರು ಚೀಟಿ ಬರೆದ ಹಾಗೆ. ನದಿ ಈಜಿ ಐದು ವರ್ಷವೂ ಆಗಿರಲಿಲ್ಲ.

ಈಗ ಹಿಂದಕ್ಕೆ ಹೋಗಿ ಆ ಕಲ್ಲಿನ ಶಾಟ್ ನೋಡಿ. ಅದೇ ಕೈ, ಅದೇ ಬೆಳಕು, ಅದೇ ಲಾರಿ. ಆದರೆ ಈಗ ಆ ಸಿಟ್ಟು ಬೇರೆ ಥರ ಕಾಣುತ್ತದೆ. ಮೊದಲು ಸಮಾಧಾನ ಕೊಟ್ಟಿದ್ದು ಈಗ ಸ್ವಲ್ಪ ಹೆದರಿಸುತ್ತದೆ. ಶಾಟ್‌ನಲ್ಲಿ ಸುಳ್ಳಿತ್ತಾ? ಇಲ್ಲ. ಬದಲಾಯಿತಾ? ಅದೂ ಇಲ್ಲ. ಕೊನೆ ಬದಲಾದದ್ದಕ್ಕೆ ಹಿಂದಿನದೆಲ್ಲಾ ಬದಲಾಯಿತು, ಅಷ್ಟೇ. ಹಾಗಾಗಿ ಸೀನ್ ನಿಜವೋ ಸುಳ್ಳೋ ಅಂತ ನೀವು ಎಷ್ಟೇ ಪರೀಕ್ಷೆ ಮಾಡಿದರೂ ವೈಭವೀಕರಣ ಆ ಜಾಲರಿಗೆ ಬೀಳುವುದಿಲ್ಲ. ಅದು ಕೂತಿರುವುದು ಕೊನೆಯ ಕಟ್‌ನಲ್ಲಿ.

"ಅಯ್ಯೋ, ಪುಸ್ತಕವೇ ಅಲ್ಲಿ ಮುಗಿಯುತ್ತದಲ್ಲ, ಸಿನಿಮಾ ಏನು ಮಾಡಬೇಕು?" ಅಂತ ಹಿಂದಿನ ಸಾಲಿನವರು ಕೇಳುತ್ತಾರೆ. ಪುಸ್ತಕ ಅಲ್ಲಿ ಮುಗಿಯುವುದಿಲ್ಲ ಸ್ವಾಮಿ, ದಯವಿಟ್ಟು ಕೊನೇ ಪುಟ ಓದಿ. ಅಂಚಿನ ಟಿಪ್ಪಣಿ ಅನ್ನೋ ಹೆಸರಲ್ಲಿ ಒಂದು ತುಣುಕಿದೆ. ಅದರಲ್ಲಿ ಆತ ಜನರ ಪಕ್ಷ ವಹಿಸುತ್ತೇನೆ ಅಂತ ಹೇಳಿ ಸುಮ್ಮನಾಗುವುದಿಲ್ಲ. ಆಯುಧವನ್ನು ರಕ್ತದಲ್ಲಿ ಅದ್ದುವ, ಸೆರೆ ಸಿಕ್ಕ ಶತ್ರುವನ್ನು ಕೊಲ್ಲುವ ಮಾತಾಡುತ್ತಾನೆ, ಅದೂ ಮೈಮೇಲೆ ದೇವರು ಬಂದವನ ಹಾಗೆ. ಕರಾಕಸ್ ಬಗ್ಗೆ ಬರೆದ ಪುಟದಲ್ಲಿ ಕಪ್ಪು ಜನರ ಬಗ್ಗೆ ಓದಿದರೆ ಮುಜುಗರವಾಗುವ ಮಾತುಗಳಿವೆ. ಎರಡೂ ಸಿನಿಮಾದಲ್ಲಿ ಇಲ್ಲ. ದಾರಿಯಲ್ಲಿ ಸಿಕ್ಕ ಗಣಿ ಕೂಲಿಯ ದಂಪತಿಗೆ ಚಳಿಯಲ್ಲಿ ಕಂಬಳಿ ಕೊಟ್ಟ ಪುಟವೂ ಅದೇ ಪುಸ್ತಕದ್ದೇ. ಅದೂ ನಿಜ, ಇದೂ ನಿಜ.

ಇನ್ನೊಂದು ತಮಾಷೆ. ದಾರಿಯಲ್ಲಿ ಬರೆದ ಟಿಪ್ಪಣಿಗಳನ್ನು ಊರಿಗೆ ಮರಳಿದ ಮೇಲೆ ತಿದ್ದಿ ತೀಡಿದ್ದು ಗೆವಾರನೇ. ಇವನ್ನು ಬರೆದವನು ಅರ್ಜೆಂಟೀನಾ ನೆಲಕ್ಕೆ ಮತ್ತೆ ಕಾಲಿಟ್ಟ ದಿನವೇ ಸತ್ತುಹೋದ ಅಂತ ಮೊದಲಲ್ಲೇ ಬರೆದುಕೊಂಡಿದ್ದಾನೆ. ಅಂದರೆ ಈ ಕಥೆಗೆ ಮೊದಲ ಕತ್ತರಿ ಹಾಕಿದವನೂ ಆತನೇ. ನಮ್ಮ ಕಸುಬಿನವನು!

ಎಡಿಟಿಂಗ್ ಕಲಿಯಲು ಬಂದ ಹುಡುಗರಿಗೆ ಇದನ್ನು ಹೇಳುವಾಗ ಸಿನಿಮಾಕ್ಕಿಂತ ಮೊದಲು ಗೆವಾರನದೇ ಒಂದು ಫೋಟೊ ತೋರಿಸುತ್ತೇನೆ. ಟೋಪಿ, ನಕ್ಷತ್ರ, ದೂರ ನೋಡುವ ಕಣ್ಣು. ಟೀಶರ್ಟ್ ಮೇಲೆ ಎಲ್ಲರೂ ನೋಡಿರುತ್ತಾರೆ. ಆಲ್ಬರ್ಟೊ ಕೋರ್ಡಾ ಅದನ್ನು ತೆಗೆದದ್ದು 1960ರ ಮಾರ್ಚ್ 5ರಂದು ಹವಾನಾದಲ್ಲಿ. ಹಿಂದಿನ ದಿನ ಬಂದರಿನಲ್ಲಿ 'ಲಾ ಕೂಬ್ರ್' ಹಡಗು ಸ್ಫೋಟವಾಗಿ ಸತ್ತವರಿಗಾಗಿ ನಡೆದ ಸಭೆ ಅದು. ಮೂಲ ನೆಗೆಟಿವ್‌ನಲ್ಲಿ ಒಂದು ಪಕ್ಕ ಇನ್ನೊಬ್ಬನ ಮುಖ ಇದೆ, ಇನ್ನೊಂದು ಪಕ್ಕ ತಾಳೆ ಜಾತಿಯ ಮರದ ಗರಿ. ಕೋರ್ಡಾ ಎರಡನ್ನೂ ಕತ್ತರಿಸಿದರು. ಮೊದಲಿನದು ಸಭೆಯೊಂದರ ಫೋಟೊ. ಕತ್ತರಿಸಿದ ಮೇಲೆ ಊರಿಲ್ಲ, ದಿನವಿಲ್ಲ, ಪಕ್ಕದಲ್ಲಿ ಮನುಷ್ಯರಿಲ್ಲ. ದೇವರ ಪಟ ಆಯಿತು. ಅದಕ್ಕೂ ಮೊದಲು ಕೋರ್ಡಾ ಫ್ಯಾಷನ್ ಫೋಟೊ ತೆಗೆಯುತ್ತಿದ್ದವರು ಅನ್ನೋದು ಸುಮ್ನೆ ಮಾತಿಗೆ ಹೇಳಿದೆ. ಮುಖದಲ್ಲಿ ಒಂದು ಗೆರೆಯನ್ನೂ ಅವರು ತಿದ್ದಲಿಲ್ಲ, ಅಲ್ವಾ?

ಯೌವನದ ಸಿನಿಮಾ ಮಾಡುವವರಿಗೆ ಈ ಪಟದಿಂದ ದೊಡ್ಡ ಅನುಕೂಲ. ಕೊನೆಯ ರೀಲ್ ಅವರು ತೆಗೆಯಬೇಕಾಗಿಯೇ ಇಲ್ಲ, ಪ್ರೇಕ್ಷಕ ಮನೆಯಿಂದಲೇ ತಂದಿರುತ್ತಾನೆ. ಟೀಶರ್ಟ್ ಹಾಕಿಕೊಂಡು ಬಂದವನ ತಲೆಯಲ್ಲಿರುವ ಕೊನೆಯ ರೀಲ್ 1967ರ ಅಕ್ಟೋಬರ್ 9, ಬೊಲಿವಿಯಾದ ಲಾ ಇಗೇರಾ ಹಳ್ಳಿಯ ಶಾಲೆಯ ಕೋಣೆ, ಸೈನಿಕರು ಕೊಂದುಹಾಕಿದ ಹೀರೊ. ಕ್ಯೂಬಾ ಬಿಟ್ಟು ಓಡಿಬಂದ ಕುಟುಂಬದವನ ತಲೆಯಲ್ಲಿರುವುದು ಕ್ರಾಂತಿ ಗೆದ್ದ 1959ರ ವರ್ಷ, ಹವಾನಾದ ಲಾ ಕಬಾನ್ಯಾ ಕೋಟೆ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಗೆವಾರ ಅಲ್ಲಿನ ಕಮಾಂಡರ್. ಕ್ರಾಂತಿ ನ್ಯಾಯಮಂಡಳಿ ತೀರ್ಪು ಕೊಡುತ್ತಿತ್ತು, ಗುಂಡಿನ ದಳ ಜಾರಿ ಮಾಡುತ್ತಿತ್ತು. ಎಷ್ಟು ಜನ ಅನ್ನೋದರಲ್ಲಿ ಒಬ್ಬೊಬ್ಬರ ಲೆಕ್ಕ ಒಂದೊಂದು, ಹತ್ತಾರರಿಂದ ನೂರಾರರವರೆಗೆ. ನಾನು ಇತಿಹಾಸಕಾರನಲ್ಲ, ಆ ಎಣಿಕೆಗೆ ಕೈಹಾಕುವುದಿಲ್ಲ. ಮರಣದಂಡನೆ ಕೊಟ್ಟಿದ್ದೇವೆ, ಮುಂದೆಯೂ ಕೊಡುತ್ತೇವೆ ಅಂತ 1964ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಆತನೇ ಹೇಳಿದ್ದ. ಒಂದೇ ಸಿನಿಮಾ ನೋಡಿ ಇವರಿಬ್ಬರು ಎರಡು ಸಿನಿಮಾ ನೋಡಿದವರ ಹಾಗೆ ಹೊರಗೆ ಬರುತ್ತಾರೆ.

ಹಾಗಂತ ಯೌವನದ ಕಥೆ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ದೊಡ್ಡವನಾದ ಮೇಲಿನ ಕಥೆಗೂ ಇದೇ ರೋಗ ಬರಬಹುದು. ಸ್ಟೀವನ್ ಸೋಡರ್‌ಬರ್ಗ್ 2008ರಲ್ಲಿ ಎರಡು ಭಾಗದ 'ಚೆ' ಮಾಡಿದರು. ನಾಲ್ಕು ಗಂಟೆಗೂ ಜಾಸ್ತಿ. ಮೊದಲ ಭಾಗ ಹವಾನಾ ಕಡೆ ಹೊರಟ ದಾರಿಯಲ್ಲೇ ಮುಗಿಯುತ್ತದೆ. ಎರಡನೆಯದು ಬೊಲಿವಿಯಾ. ನಡುವಿನ ಕೋಟೆಯೊಳಗೆ ಕ್ಯಾಮೆರಾ ಹೋಗುವುದಿಲ್ಲ. ಅಷ್ಟು ಉದ್ದದ ಸಿನಿಮಾಕ್ಕೇ ಜಾಗ ಸಾಲಲಿಲ್ಲ ಅಂದರೆ ಎರಡು ಗಂಟೆಯ ಬೈಕ್ ಪ್ರಯಾಣವನ್ನು ಮಾತ್ರ ಯಾಕೆ ಬೈಯುತ್ತೀರಿ?

ಕೊನೆಯವರೆಗೆ ಹೋದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ಇಲ್ಲ. ಜರ್ಮನಿಯ 'ಬಾಡರ್ ಮೈನ್‌ಹಾಫ್ ಕಾಂಪ್ಲೆಕ್ಸ್' ಕೂಡ 2008ರದ್ದೇ. ಬಂದೂಕು ಹಿಡಿದ ಎಡಪಂಥೀಯ ಗುಂಪೊಂದರ ಕಥೆ. ಅದು 1967ರ ವಿದ್ಯಾರ್ಥಿ ಚಳವಳಿಯಿಂದ ಶುರುವಾಗಿ, 1977ರಲ್ಲಿ ಅಪಹರಿಸಿದ್ದ ಉದ್ಯಮಿ ಶ್ಲೈಯರ್‌ರನ್ನು ಕೊಲ್ಲುವವರೆಗೂ ಹೋಗುತ್ತದೆ. ಕೊಲೆ ಮುಚ್ಚಿಡಲಿಲ್ಲ. ಆದರೂ ಚೆಂದದ ಹುಡುಗ ಹುಡುಗಿಯರು, ವೇಗದ ಕಾರು, ವೇಗದ ಕಟ್ ಅಂತ ಬೈಗುಳ ತಿಂದಿತು. ಬೈದವರ ಮಾತಿನಲ್ಲಿ ಅರ್ಥವಿದೆ. ಕಟ್ ಚುರುಕಾದರೆ ತಪ್ಪು ಕೆಲಸವೂ ಚುರುಕಾಗಿ ಕಾಣುತ್ತದೆ.

ಆ ಅಂಚಿನ ಟಿಪ್ಪಣಿ ನನ್ನ ಟೇಬಲ್‌ಗೆ ಬಂದಿದ್ದರೆ ನಾನೇನು ಮಾಡುತ್ತಿದ್ದೆ? ಬಹುಶಃ ನಾನೂ ತೆಗೆಯುತ್ತಿದ್ದೆ. ಧಾಟಿ ಹೊಂದುವುದಿಲ್ಲ ಅಂತ ನಿರ್ದೇಶಕರಿಗೆ ಹೇಳುತ್ತಿದ್ದೆ. ಕಾರಣ ನಿಜವೂ ಆಗಿರುತ್ತಿತ್ತು. ಸಿನಿಮಾದ ಕೊನೆಗೆ 80 ದಾಟಿದ ನಿಜವಾದ ಗ್ರನಾಡೊ ಅವರ ಮುಖ ಬರುತ್ತದೆ. ಆ ಮುದುಕರ ಕಣ್ಣು ನೋಡಿದ ಮೇಲೆ ಇನ್ನೊಂದು ಶಾಟ್ ಅಂಟಿಸಲು ಯಾವ ಎಡಿಟರ್‌ಗೂ ಕೈ ಬರುವುದಿಲ್ಲ.

ಕೆಲವು ವರ್ಷದ ಹಿಂದೆ ಒಬ್ಬ ಯುವ ನಿರ್ದೇಶಕ ಬಂದಿದ್ದ. ಮೊದಲ ಸಿನಿಮಾ. ಬಂಡಾಯಗಾರನೊಬ್ಬನ ಹುಡುಗಾಟದ ದಿನಗಳು. ಆ ಮನುಷ್ಯ ಮುಂದೆ ಜನರ ಪ್ರಾಣ ತೆಗೆದವನು. ಸಿನಿಮಾ ಮಾತ್ರ ಅವನು ಮನೆ ಬಿಟ್ಟು ಬಸ್ ಹತ್ತುವಲ್ಲಿಗೆ ನಿಲ್ಲುತ್ತಿತ್ತು. ರಷಸ್, ಅಂದರೆ ಶೂಟ್ ಆದ ಕಚ್ಚಾ ತುಣುಕುಗಳನ್ನು, ನೋಡುವಾಗ ಒಂದು ಶಾಟ್ ಕಣ್ಣಿಗೆ ಬಿತ್ತು. ಆಟದಲ್ಲಿ ಸೋತ ಪುಟ್ಟ ಹುಡುಗನೊಬ್ಬನಿಗೆ ಇವನು ಕೆನ್ನೆಗೆ ಬಾರಿಸುತ್ತಾನೆ. ಬಾರಿಸಿ, ಏನೂ ಆಗದ ಹಾಗೆ ಅಂಗಿ ಸರಿ ಮಾಡಿಕೊಳ್ಳುತ್ತಾನೆ. ನಾಲ್ಕು ಸೆಕೆಂಡ್. ನಟ ಸುಮ್ಮನೆ ಮಾಡಿಬಿಟ್ಟಿದ್ದ, ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ.

"ನೋಡಪ್ಪ, ಇದೊಂದು ಇರಲಿ" ಅಂದೆ.

"ಬೇಡ ಸರ್, ಜನ ಅವನಿಂದ ದೂರ ಹೋಗ್ತಾರೆ."

ಸ್ವಲ್ಪ ಹೋಗಲಿ ಅಂತಲೇ ನಾನು ಹೇಳಿದ್ದು. ಮೂರು ದಿನ ವಾದ ಮಾಡಿದೆವು. ಸಿನಿಮಾ ಅವನದು, ಮಾತೂ ಅವನದೇ ನಡೆಯಿತು. ಆ ಶಾಟ್ ತೆಗೆದೆ, ಇನ್ನು ಬದಲಾವಣೆ ಇಲ್ಲ ಅಂತ ಲಾಕ್ ಮಾಡಿದೆವು, ಸಿನಿಮಾ ಬಂತು. ಜನರಿಗೆ ಆ ಹುಡುಗ ಬಹಳ ಇಷ್ಟವಾದ.

ಸುಮಾರು ಒಂದು ವರ್ಷದ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ ಅವನ ಫೋನ್ ಬಂತು. ಅದೂ ಇದೂ ಮಾತಾಡಿದ. ಕೊನೆಗೆ ಕೇಳಿದ, "ಸರ್, ಆ ಕೆನ್ನೆಗೆ ಹೊಡೆಯೋ ಶಾಟ್, ಅದಿದೆಯಾ ಇನ್ನೂ?"

"ಇದೆ. ಬೇಕಾ?"

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. "ಇಲ್ಲ ಸರ್, ಇಟ್ಟಿರಿ" ಅಂದ.

ಹಾರ್ಡ್ ಡಿಸ್ಕ್ ಎರಡು ಸಲ ಬದಲಾಗಿದೆ. ಪ್ರತಿ ಸಲವೂ ಅದನ್ನು ಮೊದಲು ಕಾಪಿ ಮಾಡುತ್ತೇನೆ.